ವ್ಯಾನಿನ ಕಿಟಕಿಗೆ ಯಾವ ಪರದೆ?

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದೊಡನೆ ಮುಖಕ್ಕೆ ರಪ್ಪನೆ ಹೊಡೆಯುವ ಸೆಕೆ ಯಾರಿಗೆ ಗೊತ್ತಿಲ್ಲ? ಸ್ಟೀರಿಂಗ್ ಮುಟ್ಟಲಾಗದು, ಸೀಟ್ ಬೆಲ್ಟಿನ ಲೋಹದ ಕೊಕ್ಕೆ ಚುರ್ ಎನ್ನುತ್ತದೆ. ಇದಕ್ಕೆ ಕಡು ಬೇಸಿಗೆಯೇ ಬೇಕೆಂದೇನೂ ಇಲ್ಲ. 2005ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಇದನ್ನು ಅಳೆದು ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊರಗೆ ಹಿತವಾದ 22 ಡಿಗ್ರಿ ಸೆಲ್ಸಿಯಸ್ ಇದ್ದ ದಿನವೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಗಿತ್ತು. ಏರಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ ಮುಗಿದಿತ್ತು. ಕಿಟಕಿಯನ್ನು ತುಸು ಇಳಿಸಿಟ್ಟರೂ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ.

ನಮಗೇನೋ ಇದು ಐದು ನಿಮಿಷದ ಕಿರಿಕಿರಿ. ಗಾಜು ಇಳಿಸಿ, ಎ.ಸಿ. ಹಾಕಿ ಹೊರಟರೆ ಆಯಿತು. ಆದರೆ ಇಂಥದ್ದೇ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದವರ ಪಾಡೇನು? ಅಮೆರಿಕದಲ್ಲಿ ಸಾಮಾನು ಸಾಗಿಸುವ ವ್ಯಾನಿನೊಳಗೆ ಮಂಚ, ಒಲೆ, ನೀರಿನ ಡಬ್ಬ ಜೋಡಿಸಿಕೊಂಡು ಅದನ್ನೇ ಮನೆ ಮಾಡಿಕೊಂಡವರು ಬಹಳ ಮಂದಿ. ಕೆಲವರಿಗೆ ಅದು ಹುಚ್ಚು, ಕೆಲವರಿಗೆ ಬಾಡಿಗೆ ಕಟ್ಟಲಾಗದ ಅನಿವಾರ್ಯ. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಇವರ ಕುರಿತು ಬರೆದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕವನ್ನು ಆಧರಿಸಿದ ಚಿತ್ರಕ್ಕೆ 2021ರಲ್ಲಿ ಆಸ್ಕರ್ ಬಂದಿತು. ಅದರಲ್ಲಿ ಕಾಣುವ ಕ್ವಾರ್ಟ್‌ಸೈಟ್ ಅರಿಜೋನಾದ ಮರುಭೂಮಿಯಲ್ಲಿರುವ ಸಣ್ಣ ಊರು. ಅದರ ಸುತ್ತಲಿನ ಸರ್ಕಾರಿ ಜಮೀನಿನಲ್ಲಿ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅನುಮತಿ ಚೀಟಿ ಪಡೆದು ಬಿಡಾರ ಹೂಡಬಹುದು. ಚಳಿಗಾಲದಲ್ಲೂ ಅಲ್ಲಿ ಹಗಲೆಲ್ಲ ಚುರುಗುಡುವ ಬಿಸಿಲು, ರಾತ್ರಿ ಮೈ ನಡುಗಿಸುವ ಥಂಡಿ.

ವ್ಯಾನಿನ ಗೋಡೆ, ಚಾವಣಿಗಳಿಗೆ ಶಾಖ ತಡೆಯುವ ಹೊದಿಕೆಯನ್ನು ಒಮ್ಮೆ ತುಂಬಿ ಹಲಗೆ ಹೊಡೆದರೆ ಮುಗಿಯಿತು. ಗಾಜಿಗೆ ಹಾಗೆ ಮಾಡಲಾಗದು, ನಾಳೆ ಅದರ ಮೂಲಕವೇ ರಸ್ತೆ ನೋಡಬೇಕು. ಹಾಗಾಗಿ ತೆಗೆದು ಹಾಕಬಹುದಾದ ಪರದೆ ಬೇಕು. ಹಗಲು ಬಿಸಿಲನ್ನು ತಡೆಯಬೇಕು, ರಾತ್ರಿ ಒಳಗಿನ ಬಿಸುಪನ್ನು ಉಳಿಸಬೇಕು, ಒಳಗಿನ ದೀಪದ ಬೆಳಕು ಹೊರಗೆ ಕಾಣಬಾರದು, ಬೆಳಗ್ಗೆ ಮಡಚಿದರೆ ಸೀಟಿನ ಹಿಂದೆ ಹಿಡಿಸಬೇಕು. ಅಂಗಡಿಯವು ದುಬಾರಿ, ಆದ್ದರಿಂದ ಹೆಚ್ಚಿನವರು ಕತ್ತರಿ, ಸೂಜಿ ಹಿಡಿದು ತಾವೇ ಹೊಲಿದುಕೊಳ್ಳುತ್ತಾರೆ. ವಾದ ಶುರುವಾಗುವುದೂ ಅಲ್ಲೇ. ಬೆಳ್ಳಿಯಂತೆ ಹೊಳೆಯುವ ಮುಖ ಹೊರಗಿರಬೇಕೋ ಒಳಗೋ? ಗಾಜಿಗೆ ಅಂಟಿರಬೇಕೋ, ನಡುವೆ ಸಂದು ಬಿಡಬೇಕೋ? ಒಳಗೆ ಹಾಕುವುದೋ, ಹೊರಗಿನಿಂದಲೇ ಹೊದಿಸುವುದೋ?

ಹಗಲಿನ ಮಟ್ಟಿಗೆ ಎಲ್ಲ ವಾದಗಳ ಬುಡದಲ್ಲಿ ಒಂದೇ ಪ್ರಶ್ನೆಯಿದೆ: ಬೆಳಕು ಬಿಸಿಯಾಗಿ ಬದಲಾಗುವುದು ಗಾಜಿನ ಯಾವ ಬದಿಯಲ್ಲಿ?

ಗಾಜಿನ ಮೇಲಿನ ಹಳೆಯ ಆರೋಪ

ಬಿಸಿಲಿನಲ್ಲಿ ಕಣ್ಣಿಗೆ ಕಾಣುವ ಬೆಳಕು ಒಂದು ಪಾಲು ಮಾತ್ರ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲೂ ಉಷ್ಣಮಾಪಕ ಇಟ್ಟು ನೋಡಿದ. ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲೂ ಪಾದರಸ ಮೇಲೇರಿತು. ಇನ್‌ಫ್ರಾರೆಡ್ ಅಥವಾ ಅವಕೆಂಪು ಕಿರಣಗಳು ಮನುಷ್ಯನಿಗೆ ಸಿಕ್ಕಿದ್ದು ಹಾಗೆ.

ಅವಕೆಂಪಿನಲ್ಲಿ ಎರಡು ಬಗೆಯನ್ನು ನಾವಿಲ್ಲಿ ಬೇರೆಬೇರೆಯಾಗಿ ನೋಡಬೇಕು. ಐದೂವರೆ ಸಾವಿರ ಡಿಗ್ರಿಯಲ್ಲಿ ಕುದಿಯುವ ಸೂರ್ಯನಿಂದ ಬರುವುದು ಗಿಡ್ಡ ಅಲೆಯದು. ಗಾಜು ಅದನ್ನು ಬೆಳಕಿನಂತೆಯೇ ಬಹುಪಾಲು ಒಳಕ್ಕೆ ಬಿಡುತ್ತದೆ. ನಮ್ಮ ಮೈ, ಸೀಟು, ಹಲಗೆ, ಹಾಸಿಗೆಗಳೂ ಸದಾ ಅವಕೆಂಪನ್ನು ಸೂಸುತ್ತಿರುತ್ತವೆ. ಆದರೆ ಅವು ಸೂರ್ಯನಷ್ಟು ಬಿಸಿಯಲ್ಲವಾದ್ದರಿಂದ ಅವುಗಳ ಅಲೆ ಹತ್ತಿಪ್ಪತ್ತು ಪಟ್ಟು ಉದ್ದ. ಈ ಉದ್ದಲೆಯ ಮಟ್ಟಿಗೆ ಪಾರದರ್ಶಕ ಗಾಜು ಇಟ್ಟಿಗೆಯ ಗೋಡೆಯಷ್ಟೇ ಕುರುಡು.

ಇಲ್ಲಿಂದ ಶಾಲಾ ಪಾಠದ ವಿವರಣೆ ಹುಟ್ಟುತ್ತದೆ: ಬೆಳಕು ಒಳಗೆ ಬಂತು, ಸೀಟಿಗೆ ಬಡಿದು ಉದ್ದಲೆಯಾಯಿತು, ಗಾಜು ಅದನ್ನು ಹೊರಗೆ ಬಿಡಲಿಲ್ಲ, ಕಾರು ಕಾಯಿತು. ಕೇಳಲು ಸೊಗಸು. ಆದರೆ ಇದು ಅರ್ಧ ಸತ್ಯ. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಕಪ್ಪು ರಟ್ಟಿನ ಎರಡು ಪೆಟ್ಟಿಗೆ ಮಾಡಿ ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಕಲ್ಲುಪ್ಪಿನ ಹಾಳೆಯ ಮುಚ್ಚಳ ಹಾಕಿ ಬಿಸಿಲಿಗಿಟ್ಟ. ಕಲ್ಲುಪ್ಪು ಉದ್ದಲೆಯನ್ನೂ ಸರಾಗವಾಗಿ ಹೊರಬಿಡುತ್ತದೆ. ಪಾಠ ಪೂರ್ತಿ ನಿಜವಾಗಿದ್ದರೆ ಉಪ್ಪಿನ ಪೆಟ್ಟಿಗೆ ಬಹಳ ತಂಪಾಗಿರಬೇಕಿತ್ತು. ಎರಡಕ್ಕೂ ಬೀಳುವ ಬಿಸಿಲು ಒಂದೇ ಬಗೆಯದಾಗುವಂತೆ ನೋಡಿಕೊಂಡಾಗ ಅವುಗಳ ನಡುವೆ ಒಂದು ಡಿಗ್ರಿಯ ವ್ಯತ್ಯಾಸವೂ ಸರಿಯಾಗಿ ಕಾಣಲಿಲ್ಲ. ಎರಡೂ ಕಾದದ್ದು ಮುಖ್ಯವಾಗಿ ಒಳಗಿನ ಬಿಸಿ ಗಾಳಿ ಮೇಲೇರಿ ಹೋಗಲು ದಾರಿಯಿಲ್ಲದೆ. ವುಡ್ ಇದನ್ನು ಬರೆದದ್ದು ಎರಡೇ ಪುಟದಲ್ಲಿ. ನೂರು ವರ್ಷದ ಮೇಲೂ ನಮ್ಮ ಪಠ್ಯಪುಸ್ತಕಗಳಿಗೆ ಆ ಎರಡು ಪುಟ ಓದಲು ಪುರುಸೊತ್ತಾಗಿಲ್ಲ.

ಗಾಜು ಉದ್ದಲೆಯನ್ನು ತಡೆಯುವುದು ಸುಳ್ಳಲ್ಲ. ಆದರೆ ವ್ಯಾನಿನವರಿಗೆ ದೊಡ್ಡ ಶತ್ರು ಸೆರೆಸಿಕ್ಕ ಗಾಳಿ. ಒಳಗೆ ಒಮ್ಮೆ ಹುಟ್ಟಿದ ಶಾಖ ಹೊರಹೋಗುವ ದಾರಿಗಳು ಬಲು ಕಿರಿದು. ಆದ್ದರಿಂದ ಅದು ಒಳಗೆ ಹುಟ್ಟದಂತೆ ನೋಡಿಕೊಳ್ಳುವುದೇ ಜಾಣತನ.

ಎಲ್ಲಿ ತಡೆಯಬೇಕು?

ಸ್ವಲ್ಪ ಲೆಕ್ಕ ಹಾಕೋಣ. ನೆಟ್ಟನೆಯ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್ ಶಕ್ತಿ ಸುರಿಯುತ್ತದೆ. ದೊಡ್ಡ ವ್ಯಾನಿನ ಮುಂದಿನ ಗಾಜು ಒಂದೂವರೆ ಚದರ ಮೀಟರ್ ಎನ್ನಿ. ಓರೆಯಾಗಿ ಬಿದ್ದು ಪ್ರತಿಫಲಿಸಿ ಕಳೆದದ್ದು, ಗಾಜೇ ನುಂಗಿದ್ದು ಎಲ್ಲ ತೆಗೆದರೂ 700 ವಾಟ್ ಒಳಗೆ ಬರಬಹುದು. ಇಡೀ ವ್ಯಾನಿನಲ್ಲಿರುವ ಗಾಳಿಯ ತೂಕ ಹದಿನಾಲ್ಕು ಹದಿನೈದು ಕಿಲೋ ಅಷ್ಟೇ. ಶಾಖವೆಲ್ಲ ಗಾಳಿಗೇ ಸೇರಿದರೆ ನಿಮಿಷಕ್ಕೆ ಸುಮಾರು ಮೂರು ಡಿಗ್ರಿ ಏರಬೇಕು. ಸೀಟು, ಹಲಗೆ, ತಗಡುಗಳೂ ಪಾಲು ಪಡೆಯುವುದರಿಂದ ಅಷ್ಟು ಬೇಗ ಏರುವುದಿಲ್ಲ. ಕಿಟಕಿಯನ್ನು ಎರಡು ಬೆರಳು ಇಳಿಸಿದರೆ ಯಾಕೆ ಸಾಲದು ಎಂಬುದೂ ಈ ಲೆಕ್ಕದಲ್ಲೇ ಇದೆ: ಅಷ್ಟು ಸಂದಿಯಲ್ಲಿ ತಾನಾಗಿ ಹೊರಹೋಗುವ ಗಾಳಿ ಇಷ್ಟು ಶಾಖವನ್ನು ಹೊರಲಾರದು.

ಈಗ ಆ ಗಾಜಿನ ಹಿಂದೆ, ಒಳಗಡೆ, ಒಂದು ದಪ್ಪನೆಯ ಕಪ್ಪು ಕಂಬಳಿ ತೂಗುಹಾಕಿ. ಒಳಗೆ ಕತ್ತಲಾಯಿತು, ಕಣ್ಣಿಗೆ ತಂಪೆನಿಸಿತು. ಆದರೆ ಬಿಸಿಲು ಗಾಜನ್ನು ದಾಟಿ ಆಗಿದೆ. ಕಂಬಳಿ ಅದನ್ನು ನುಂಗಿ ತಾನೇ ಕಾದು, ಸುತ್ತಲ ಗಾಳಿಯನ್ನು ಕಾಯಿಸತೊಡಗುತ್ತದೆ. ಸೀಟು ಮಾಡುತ್ತಿದ್ದ ಕೆಲಸವನ್ನು ಕಂಬಳಿ ಮಾಡಿತು, ಅಷ್ಟೇ. ಅದು ದಪ್ಪವಾಗಿದ್ದಷ್ಟೂ ಶಾಖ ಕೋಣೆಯತ್ತ ಬರುವುದು ನಿಧಾನವಾಗುತ್ತದೆ ನಿಜ, ಆದರೆ ಹುಟ್ಟುವುದು ನಿಲ್ಲುವುದಿಲ್ಲ.

ಕಂಬಳಿಯ ಬದಲು ಬೇಗಡೆಯಂತೆ ಹೊಳೆಯುವ ಅಲ್ಯೂಮಿನಿಯಂ ಹಾಳೆ ಹಾಕಿದರೆ? ಅದು ಬೆಳಕನ್ನು ಬೆಳಕಾಗಿಯೇ ಹಿಂದಕ್ಕೆ ಎಸೆಯುತ್ತದೆ. ಒಳಬಂದ ಅಲೆ ಅದೇ ಉದ್ದದಲ್ಲಿ ಹಿಂದಿರುಗುವುದರಿಂದ ಗಾಜು ಅದಕ್ಕೆ ಮತ್ತೆ ದಾರಿ ಬಿಡುತ್ತದೆ. ದಪ್ಪವಿಲ್ಲದ ಹಾಳೆ ದಪ್ಪ ಕಂಬಳಿಯನ್ನು ಸೋಲಿಸುವ ಗುಟ್ಟು ಇದೇ. ಹಗಲಿನ ಮಟ್ಟಿಗೆ ಹೊಳೆಯುವ ಮುಖ ಹೊರಗಿರಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೂ ಒಂದು ಕೊರತೆ ಉಳಿಯುತ್ತದೆ. ವಾಹನದ ಗಾಜು ಅಪ್ಪಟ ನಿರ್ಮಲವಲ್ಲ. ಅದರಲ್ಲಿರುವ ಕಬ್ಬಿಣದ ಅಂಶ ಅವಕೆಂಪಿನ ಒಂದು ಪಾಲನ್ನು ನುಂಗುತ್ತದೆ. ಒಳಗಿನ ಹಾಳೆಯಿಂದ ಹಿಂದಿರುಗುವ ಬಿಸಿಲು ಅದೇ ಗಾಜನ್ನು ಎರಡನೆಯ ಸಲ ದಾಟಬೇಕು. ಹೋಗುವಾಗೊಮ್ಮೆ ಬರುವಾಗೊಮ್ಮೆ ಸುಂಕ ಕಟ್ಟಿದ ಹಾಗೆ. ಗಾಜು ಕಾದು ಆ ಶಾಖದ ಒಂದು ಭಾಗ ಒಳಗೇ ಬೀಳುತ್ತದೆ. ಅದೇ ಹಾಳೆಯನ್ನು ಗಾಜಿನ ಹೊರಗೆ ಹೊದಿಸಿದರೆ ಬಿಸಿಲು ಗಾಜನ್ನು ಮುಟ್ಟುವುದೇ ಇಲ್ಲ. ಹಾಳೆ ನುಂಗಿದ ಅಲ್ಪಸ್ವಲ್ಪವೂ ಬಯಲ ಗಾಳಿಗೆ ಹೋಗುತ್ತದೆ. ಹೊರಗಿನ ಪರದೆ ಬೂದು ಬಟ್ಟೆಯದಾದರೂ ಸರಿ, ಅದರ ಶಾಖದ ಬಹುಪಾಲು ಹೊರಗಿನದು.

ಬಾಹ್ಯಾಕಾಶದ ಕೊಡೆ

ಇದರ ಅತಿ ದುಬಾರಿ ಪ್ರಯೋಗ ನಡೆದದ್ದು 1973ರಲ್ಲಿ, ಭೂಮಿಯಿಂದ ನಾಲ್ಕುನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ. ಆ ವರ್ಷದ ಮೇ 14ರಂದು ಹಾರಿದ ಅಮೆರಿಕದ ಸ್ಕೈಲ್ಯಾಬ್, ಮನುಷ್ಯರು ವಾರಗಟ್ಟಲೆ ವಾಸಿಸಲೆಂದು ಕಟ್ಟಿದ ವಾಹನ. ಮೇಲೇರಿದ ಒಂದೇ ನಿಮಿಷದಲ್ಲಿ, ಅದನ್ನು ಉಲ್ಕಾಕಣಗಳಿಂದಲೂ ಬಿಸಿಲಿನಿಂದಲೂ ಕಾಯಬೇಕಿದ್ದ ಹೊರಕವಚ ಕಿತ್ತುಹೋಯಿತು. ಒಳಗೆ ಶಾಖ 50 ಡಿಗ್ರಿ ದಾಟಿತು. ಹ್ಯೂಸ್ಟನ್ನಿನಲ್ಲಿ ಜ್ಯಾಕ್ ಕಿಂಜ್ಲರ್ ಎಂಬ ತಂತ್ರಜ್ಞ, ಮೀನು ಹಿಡಿಯುವ ಮಡಚು ಕೋಲುಗಳನ್ನು ಅಂಗಡಿಯಿಂದ ತರಿಸಿ ಕೊಡೆಯೊಂದರ ಮಾದರಿ ಕಟ್ಟಿ ತೋರಿಸಿದ. ಅಲ್ಯೂಮಿನಿಯಂ ಲೇಪದ ಮೈಲಾರ್ ಹಾಳೆಗೆ ನೈಲಾನ್ ಬಟ್ಟೆ ಸೇರಿಸಿ, ಸುಮಾರು ಏಳು ಮೀಟರ್ ಅಗಲದ ಕೊಡೆ ಕೆಲವೇ ದಿನಗಳಲ್ಲಿ ತಯಾರಾಯಿತು. ಮೇ 25ರಂದು ಹೊರಟ ಮೂವರು ಗಗನಯಾತ್ರಿಗಳು ಅದನ್ನು ಉಪಕರಣಗಳಿಗಾಗಿ ಇದ್ದ ಸಣ್ಣ ಕಿಂಡಿಯಿಂದ ಹೊರತಳ್ಳಿ ಬಿಚ್ಚಿದರು. ಮುಂದಿನ ಕೆಲವು ದಿನಗಳಲ್ಲಿ ಒಳಗೆ ಬದುಕಬಹುದಾದಷ್ಟು ತಂಪಾಯಿತು. ನೆರಳು ಬಿದ್ದದ್ದು ಹೊರಗಿನಿಂದ ಎಂಬುದನ್ನು ಗಮನಿಸಿ.

1979ರ ಜುಲೈಯಲ್ಲಿ ಭೂಮಿಗೆ ಬೀಳುತ್ತದೆಂದು ನಮ್ಮ ಊರೂರುಗಳಲ್ಲಿ ಪುಕಾರು ಹಬ್ಬಿಸಿ, ಕೊನೆಗೆ ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಹೋಗಿ ಬಿದ್ದ ಸ್ಕೈಲ್ಯಾಬ್ ಇದೇ.

ಹಾಗಿದ್ದರೂ ಕಪ್ಪು ಯಾಕೆ?

ಹೊಳೆಯುವ ಹಾಳೆ ಇಷ್ಟು ಒಳ್ಳೆಯದಾದರೆ, ನಗರಗಳಲ್ಲಿ ನಿಲ್ಲುವ ವ್ಯಾನುಗಳ ಪರದೆಯ ಹೊರಮುಖ ಕಪ್ಪಾಗಿರುವುದೇಕೆ? ಉತ್ತರ ಭೌತವಿಜ್ಞಾನದಲ್ಲಿಲ್ಲ, ಪೊಲೀಸರಲ್ಲಿದೆ. ಗಾಜಿನ ಹಿಂದೆ ಬೆಳ್ಳಿಹಾಳೆ ಮಿರುಗಿದರೆ ‘ಇಲ್ಲೊಬ್ಬರು ಮಲಗಿದ್ದಾರೆ’ ಎಂದು ಡಂಗುರ ಸಾರಿದಂತೆ. ಕಪ್ಪು ಬಟ್ಟೆಯಾದರೆ ಗಾಜಿಗೇ ಕಪ್ಪು ಬಣ್ಣವಿದೆಯೇನೋ ಅನ್ನಿಸುತ್ತದೆ. ಅಮೆರಿಕದ ಹಲವು ನಗರಗಳಲ್ಲಿ ವಾಹನದಲ್ಲಿ ವಾಸಿಸುವುದಕ್ಕೆ ನಿರ್ಬಂಧಗಳಿವೆ. ಲಾಸ್ ಏಂಜಲೀಸ್ ನಗರದ ಅಂಥ ಕಾನೂನೊಂದನ್ನು 2014ರಲ್ಲಿ ಮೇಲ್ಮನವಿ ನ್ಯಾಯಾಲಯ ‘ಅಸ್ಪಷ್ಟ’ವೆಂದು ತಳ್ಳಿಹಾಕಿತು, ಆದರೂ ಕಾಟ ತಪ್ಪಿತೆಂದಲ್ಲ, ನಿಯಮಗಳು ಬೇರೆ ಬೇರೆ ರೂಪದಲ್ಲಿ ಇದ್ದೇ ಇವೆ.

ಕಪ್ಪು ಮುಖ ಹಗಲಿನ ಶಾಖಕ್ಕೆ ಕೆಟ್ಟದ್ದು. ರಾತ್ರಿ ಬಿಸಿಲೇ ಇಲ್ಲವಲ್ಲ, ಬಣ್ಣ ಯಾವುದಾದರೇನು? ಆದ್ದರಿಂದ ಒಂದು ಬದಿ ಕಪ್ಪು, ಇನ್ನೊಂದು ಬದಿ ಬೆಳ್ಳಿ ಇಟ್ಟು ತಿರುವಿ ಹಾಕುವಂತೆ ಹೊಲಿಯುವುದು ಸರಿಯಾದ ಉಪಾಯ. ತಿರುವಿದಾಗ ಎಡದ ಮೂಲೆ ಬಲಕ್ಕೆ ಬರುತ್ತದೆ. ಎರಡು ಅರ್ಧಗಳೂ ಸಮವಾಗಿರುವ ಮುಂದಿನ ಗಾಜಿಗೆ ಅಡ್ಡಿಯಿಲ್ಲ. ಬಾಗಿಲಿನ ಗಾಜು ಓರೆಕೋರೆ. ಅಲ್ಲಿ ಎಡಬಾಗಿಲಿನ ಪರದೆಯನ್ನು ತಿರುವಿ ಬಲಬಾಗಿಲಿಗೆ, ಬಲದ್ದನ್ನು ಎಡಕ್ಕೆ ಹಾಕಬೇಕು.

ರಾತ್ರಿಯ ಲೆಕ್ಕ ಬೇರೆ

ಕತ್ತಲಾದ ಮೇಲೆ ಶಾಖದ ಹರಿವು ತಿರುಗಿಬೀಳುತ್ತದೆ. ಈಗ ಬಿಸಿ ಒಳಗಿದೆ, ಥಂಡಿ ಹೊರಗಿದೆ. ಐದು ಮಿಲಿಮೀಟರ್ ಗಾಜು ಇದನ್ನು ಎಷ್ಟು ತಡೆದೀತು? ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಒಂಟಿ ಗಾಜಿನ ಕಿಟಕಿ ಒಡ್ಡುವ ಒಟ್ಟು ತಡೆಯಲ್ಲಿ ಗಾಜಿನ ಸ್ವಂತ ಪಾಲು ಸುಮಾರು ಮೂವತ್ತರಲ್ಲೊಂದು. ಉಳಿದದ್ದೆಲ್ಲ ಗಾಜಿನ ಎರಡೂ ಮುಖಗಳ ಮೇಲೆ ಕದಲದೆ ಅಂಟಿ ನಿಂತ ತೆಳು ಗಾಳಿಪದರದ್ದು. ಹೊರಗೆ ಗಾಳಿ ಬೀಸಿದರೆ ಅದೂ ತೆಳುವಾಗುತ್ತದೆ.

ಹಾಗಾದರೆ ಪರದೆಯ ಕೆಲಸ ನಿಶ್ಚಲ ಗಾಳಿಯನ್ನು ಹಿಡಿದಿಡುವುದು. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಮಾಡುವುದೂ ಇದನ್ನೇ. ಬಟ್ಟೆಯಲ್ಲಿ ಬಿಸಿಯಿಲ್ಲ, ಪದರಗಳ ನಡುವೆ ಸಿಕ್ಕು ಅಲುಗಾಡಲಾರದ ಗಾಳಿ ನಮ್ಮ ಮೈಬಿಸಿಯನ್ನು ಕಾಯುತ್ತದೆ. ವ್ಯಾನಿನವರು ಉಣ್ಣೆ ಅಥವಾ ಪಾಲಿಯೆಸ್ಟರ್ ಅರಳೆಯ ಹಾಸನ್ನು ಬಟ್ಟೆಗಳ ನಡುವೆ ಇಟ್ಟು ಹೊಲಿಯುತ್ತಾರೆ. ತತ್ತ್ವ ಒಂದೇ.

ಬೆಳ್ಳಿಹಾಳೆಗೆ ರಾತ್ರಿಯಲ್ಲೂ ಕೆಲಸವಿದೆ, ಆದರೆ ಅದು ಬೇರೆ ಕೆಲಸ. ಒಂದು ವಸ್ತು ತನ್ನ ಶಾಖವನ್ನು ಕಿರಣವಾಗಿ ಎಷ್ಟು ಧಾರಾಳವಾಗಿ ಬಿಟ್ಟುಕೊಡುತ್ತದೆ ಎಂಬುದನ್ನು ಸೂಸುಗುಣ ಎನ್ನೋಣ. ವಿಜ್ಞಾನಿಗಳ ಮಾತಿನಲ್ಲಿ ಎಮಿಸಿವಿಟಿ. ಬಟ್ಟೆ, ಮರ, ಚರ್ಮ, ಗಾಜು, ಯಾವುದೇ ಬಣ್ಣದ ಪೇಂಟು ಎಲ್ಲದರದೂ ನೂರಕ್ಕೆ ಎಂಬತ್ತೈದು, ತೊಂಬತ್ತರ ಆಸುಪಾಸು. ಹೊಳಪಿನ ಅಲ್ಯೂಮಿನಿಯಂನದು ನೂರಕ್ಕೆ ಮೂರು ನಾಲ್ಕು. ಶಾಖವನ್ನು ಸೂಸುವುದರಲ್ಲಿ ಇದು ಮಹಾ ಜಿಪುಣ. ಎರಡು ಸೆಂಟಿಮೀಟರ್ ಗಾಳಿ ಸಂದಿನ ಮೂಲಕ ಹೋಗುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಕಿರಣವಾಗಿ. ಸಂದಿನ ಒಂದು ಗೋಡೆ ಅಲ್ಯೂಮಿನಿಯಂ ಆಗಿದ್ದರೆ ಆ ಪಾಲು ಬಹುತೇಕ ನಿಂತೇ ಹೋಗುತ್ತದೆ. 1892ರಲ್ಲಿ ಜೇಮ್ಸ್ ಡ್ಯೂವರ್ ಮಾಡಿದ, ಇಂದು ಥರ್ಮಾಸ್ ಎಂದು ನಾವು ಕರೆಯುವ ಜೋಡಿಗೋಡೆಯ ಗಾಜಿಗೆ ಒಳಗೆ ಬೆಳ್ಳಿ ಬಳಿಯುವುದು ಇದಕ್ಕೇ.

ಇಲ್ಲಿ ‘ಸಂದು’ ಎಂಬ ಮಾತನ್ನು ಬಿಡಬೇಡಿ. ಮನೆಯಲ್ಲಿ ಹೊಲಿದ ಪರದೆಗಳು ಎಡವುವುದು ಇಲ್ಲೇ. ಅಲ್ಯೂಮಿನಿಯಂ ಕಿರಣವನ್ನು ಸೂಸಲು ಜಿಪುಣನಾದರೂ, ಮುಟ್ಟಿದವರಿಗೆ ಶಾಖ ದಾಟಿಸುವುದರಲ್ಲಿ ಮಹಾ ಧಾರಾಳಿ. ಗಾಜಿಗಿಂತ ಇನ್ನೂರು ಪಟ್ಟು ಮೇಲು. ಹಾಳೆಯನ್ನು ಗಾಜಿಗೆ ಒತ್ತಿಟ್ಟರೆ ಶಾಖಕ್ಕೆ ಕಿರಣವಾಗಬೇಕಾದ ಅಗತ್ಯವೇ ಇಲ್ಲ, ಮುಟ್ಟಿದಲ್ಲೇ ದಾಟುತ್ತದೆ. ಗುಳ್ಳೆ ಪ್ಲಾಸ್ಟಿಕ್ಕಿನ ಎರಡೂ ಬದಿಗೆ ಬೆಳ್ಳಿಹಾಳೆ ಅಂಟಿಸಿ ಸುರುಳಿಯಾಗಿ ಮಾರುವ ಸಾಮಗ್ರಿ ಅಲ್ಲಿ ಬಲು ಜನಪ್ರಿಯ. ಅದರ ದಪ್ಪ ಎಂಟೇ ಮಿಲಿಮೀಟರ್. ಗಾಜಿಗೆ ಅಂಟಿಸಿದರೆ ಆ ಬದಿಯ ಬೆಳ್ಳಿಹಾಳೆಯಿಂದ ರಾತ್ರಿ ಲಾಭವಿಲ್ಲ.

ಇನ್ನೂ ಸಾಮಾನ್ಯವಾದ ಎಡವಟ್ಟು, ಅಂದಕ್ಕೆಂದು ಹಾಳೆಯ ಎರಡೂ ಬದಿಗೆ ಬಟ್ಟೆ ಹೊಲಿಯುವುದು. ಆಗ ಸಂದಿನ ಕಡೆಗೆ ಮುಖ ಮಾಡಿರುವುದು ಬಟ್ಟೆ. ಶಾಖ ಬಟ್ಟೆಗೆ ದಾಟಿ, ಬಟ್ಟೆ ಧಾರಾಳವಾಗಿ ಸೂಸುತ್ತದೆ. ಒಳಗೆ ಅವಿತ ಬೇಗಡೆ ದುಡ್ಡು ದಂಡ. ಬೇಗಡೆಗೆ ಬೆಲೆ ಬರುವುದು ಅದರ ಎದುರು ಬರಿಯ ಗಾಳಿ ಇದ್ದಾಗ.

ಬೆಳಗಿನ ನೀರು

ಥಂಡಿ ದಿನದ ಬೆಳಗ್ಗೆ ಪರದೆ ತೆಗೆದರೆ ಗಾಜಿನಿಂದ ನೀರು ಇಳಿಯುತ್ತಿರುತ್ತದೆ. ‘ಪರದೆ ಹಾಕಿದ ಮೇಲೆ ಇನ್ನೂ ಜಾಸ್ತಿಯಾಯಿತು’ ಎಂಬ ದೂರು ಸಾಮಾನ್ಯ. ದೂರು ನಿಜ.

ಮಲಗಿದ ಒಬ್ಬರ ಉಸಿರು, ಮೈಯಿಂದ ಒಂದು ರಾತ್ರಿಗೆ ಕಾಲು ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ. ಅಡುಗೆಯ ಪ್ರೊಪೇನ್ ಒಂದು ಕಿಲೋ ಉರಿದರೆ ಹುಟ್ಟುವ ನೀರು ಒಂದೂವರೆ ಕಿಲೋಗೂ ಮೇಲೆ. 20 ಡಿಗ್ರಿಯ ಗಾಳಿ ಪ್ರತಿ ಘನ ಮೀಟರಿಗೆ 17 ಗ್ರಾಂ ಆವಿ ಹಿಡಿಯಬಲ್ಲದು, 5 ಡಿಗ್ರಿಯ ಗಾಳಿ 7 ಗ್ರಾಂ ಕೂಡ ಹಿಡಿಯದು. ಗಾಳಿ ತಣಿಯುತ್ತ ಹೋದಂತೆ ಆವಿ ಹನಿಯಾಗತೊಡಗುವ ಉಷ್ಣತೆಯೇ ಇಬ್ಬನಿ ಬಿಂದು. ಹೊರಗೆ 0, ಒಳಗೆ 18 ಡಿಗ್ರಿ ಇದ್ದಾಗ ಬರಿಯ ಗಾಜಿನ ಒಳಮುಖ ಸುಮಾರು 5 ಡಿಗ್ರಿಯಲ್ಲಿರುತ್ತದೆ. ಆಗಲೇ ಹನಿ ಕಟ್ಟುತ್ತದೆ. ಒಳ್ಳೆಯ ಪರದೆ ಹಾಕಿದಿರೋ, ಒಳಗಿನ ಬಿಸುಪು ಗಾಜಿಗೆ ತಲುಪದೆ ಅದು 1 ಡಿಗ್ರಿಗೆ ಇಳಿಯುತ್ತದೆ. ಪರದೆ ಎಷ್ಟು ಒಳ್ಳೆಯದೋ ಗಾಜು ಅಷ್ಟು ತಣ್ಣಗೆ! ಅಂಚಿನ ಸಂದಿಯಿಂದ ಒಳಗಿನ ಗಾಳಿ ನುಸುಳಿತೆಂದರೆ ಅದರ ಆವಿಯೆಲ್ಲ ಅಲ್ಲೇ ನೀರು. ಹಾಳೆಯ ಮೇಲೂ ನೀರಿನ ಪೊರೆ ಕಟ್ಟಿದರೆ ಅದರ ಜಿಪುಣತನವೂ ಹೋಯಿತು, ಏಕೆಂದರೆ ನೀರಿನ ಸೂಸುಗುಣ ನೂರಕ್ಕೆ ತೊಂಬತ್ತೈದು.

ಆದ್ದರಿಂದ ಪರದೆಯ ನಡುವೆ ಗಾಳಿ ಸಂದು ಇರಲಿ, ಅಂಚಿನಲ್ಲಿ ಇರದಿರಲಿ. ಸುತ್ತಲೂ ಬಿಗಿಯಾಗಿ ಕೂತ ಪರದೆ ಅರ್ಧ ಕೆಲಸ ಮಾಡಿದಂತೆ. ಉಳಿದರ್ಧ ಚಾವಣಿಯ ಫ್ಯಾನಿನದು. ಆವಿಯನ್ನು ಹೊರಹಾಕುವುದು ಯಾವ ಪರದೆಯಿಂದಲೂ ಆಗದು.

ಹೊರಗಿನ ಪರದೆಗೆ ಈ ತೊಂದರೆಯೂ ಕಡಿಮೆ. ಅದು ಗಾಜನ್ನೂ ತನ್ನ ಹೊದಿಕೆಯೊಳಗೆ ಸೇರಿಸಿಕೊಳ್ಳುತ್ತದೆ, ಗಾಜು ಬೆಚ್ಚಗಿರುತ್ತದೆ. ಮುಂದಿನ ಗಾಜಿಗಂತೂ ಇದು ವರ. ಓರೆಯಾಗಿ ಆಕಾಶ ನೋಡುತ್ತ ಮಲಗಿರುವ ಆ ಗಾಜು ನಿರ್ಮಲ ರಾತ್ರಿಗಳಲ್ಲಿ ತನ್ನ ಶಾಖವನ್ನು ನೇರ ಬಾನಿಗೆ ಸೂಸಿ, ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಮೇಲಿಂದ ಸುರಿಯುವುದಲ್ಲ, ಹೀಗೆ ತಣಿದ ವಸ್ತುವಿನ ಮೇಲೆ ಕಟ್ಟುವುದು ಎಂದು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಉಣ್ಣೆಯ ತುಪ್ಪಳಗಳನ್ನು ರಾತ್ರಿ ಬಯಲಲ್ಲಿಟ್ಟು ತೂಗಿ ತೋರಿಸಿದ. ಅವನ ಪ್ರಬಂಧ ಬಂದದ್ದು 1814ರಲ್ಲಿ. ಮೇಲೊಂದು ಹೊದಿಕೆ ಬಿದ್ದರೆ ಗಾಜಿಗೆ ಬಾನು ಕಾಣುವುದಿಲ್ಲ.

ಕತ್ತರಿ ಹಿಡಿಯುವ ಮುನ್ನ

ಅಳತೆಪಟ್ಟಿಯನ್ನು ನಂಬಬೇಡಿ. ವಾಹನದ ಗಾಜಿನಲ್ಲಿ ನೇರ ಗೆರೆಯೇ ಇಲ್ಲ. ಹಳೆಯ ಪತ್ರಿಕೆಗಳನ್ನು ಅಂಟಿಸಿ ಗಾಜಿಗೆ ಒತ್ತಿಹಿಡಿದು, ಅಂಚಿನ ಗುಂಟ ಬೆರಳಾಡಿಸಿ ಮಡಿಕೆ ಮೂಡಿಸಿ, ಆ ಗುರುತಿಗಿಂತ ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸುವುದು ವಾಸಿ.

ಅಂಚು ಬಿಗಿಯಾಗಿ ಕೂರಲು ಮಡಿಕೆಯೊಳಗೆ ಅಯಸ್ಕಾಂತದ ಬಿಲ್ಲೆಗಳನ್ನು ಸೇರಿಸಿ ಹೊಲಿಯುವುದು ಸದ್ಯಕ್ಕೆ ಎಲ್ಲಕ್ಕಿಂತ ಒಳ್ಳೆಯ ಉಪಾಯ, ಕಿಟಕಿಯ ಚೌಕಟ್ಟು ಉಕ್ಕಿನದಾಗಿದ್ದರೆ. ಎಷ್ಟೋ ವ್ಯಾನುಗಳಲ್ಲಿ ಅದರ ಮೇಲೆ ಪ್ಲಾಸ್ಟಿಕ್ ಕೂತಿರುತ್ತದೆ, ಮೊದಲೇ ಒಂದು ಬಿಲ್ಲೆ ಹಿಡಿದು ನೋಡಿ. ಸಾಧಾರಣ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ತನ್ನ ಬಲವನ್ನು ಕಾಯಂ ಆಗಿ ಕಳೆದುಕೊಳ್ಳತೊಡಗುತ್ತದೆ. ಕಡು ಬೇಸಿಗೆಯಲ್ಲಿ ಗಾಜಿನ ಹಿಂದೆ ಕಪ್ಪು ಬಟ್ಟೆ ಆ ಮಟ್ಟದ ಸಮೀಪಕ್ಕೆ ಹೋಗಬಲ್ಲದು.

ಪದರಗಳ ಕ್ರಮದಲ್ಲಿ ನನ್ನ ತೀರ್ಪು ಹೀಗೆ: ಗಾಜಿನತ್ತ ಬರಿಯ ಬೆಳ್ಳಿಹಾಳೆ, ಅದಕ್ಕೂ ಗಾಜಿಗೂ ನಡುವೆ ಒಂದೆರಡು ಸೆಂಟಿಮೀಟರ್ ಸಂದು, ಹಾಳೆಯ ಹಿಂದೆ ಅರಳೆಯ ಹಾಸು, ಕೋಣೆಯತ್ತ ಆವಿ ದಾಟದ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನಿಮಗಿಷ್ಟವಾದ ಬಟ್ಟೆ. ಊರೊಳಗೆ ನಿಲ್ಲುವವರು ಈ ಬಟ್ಟೆಯನ್ನೇ ಕಪ್ಪಾಗಿಟ್ಟು ರಾತ್ರಿ ತಿರುವಿ ಹಾಕಬಹುದು. ಆಗ ಆವಿ ತಡೆಯುವ ಪದರ ತಪ್ಪು ಬದಿಗೆ ಹೋಗುತ್ತದೆ. ಹಾಗಾಗಿ ಬೆಳಗ್ಗೆ ಪರದೆಯನ್ನು ಗಾಳಿಗೆ ಹರವಲೇಬೇಕು, ಇಲ್ಲವಾದರೆ ಬೂಷ್ಟು ಖಂಡಿತ.

ದುಡ್ಡು, ಪುರುಸೊತ್ತು ಒಂದೇ ಗಾಜಿಗೆ ಸಾಲುವುದಾದರೆ ಮುಂದಿನ ಗಾಜಿಗೇ ಮಾಡಿ, ಅದನ್ನು ಹೊರಗಿನಿಂದಲೇ ಹೊದಿಸಿ.